ಎರಡನೆಯ ಸಲ ಕೇಳುವ ಯಂತ್ರ

ನಮ್ಮ ಶಿರಸಿ ಸೀಮೆಯಲ್ಲಿ ನೆಂಟರ ಮನೆಗೆ ಹೋದಾಗ ಮನೆಯವರು ‘ಆಸ್ರಿಗೆ ಎಂತ ಮಾಡ್ಲಿ?’ ಎಂದು, ಅಂದರೆ ಕುಡಿಯಲು ಏನು ಮಾಡಲಿ ಎಂದು, ಕೇಳಿದರೆ ‘ಎಂತೂ ಬ್ಯಾಡ’ ಎನ್ನಬೇಕು. ಬಾಯಾರಿ ಗಂಟಲು ಒಣಗಿದ್ದರೂ ಹಾಗೆಯೇ ಎನ್ನಬೇಕು. ಮನೆಯವರಿಗೂ ಇದು ಗೊತ್ತು. ಅವರು ಕೇಳಿಸಲೇ ಇಲ್ಲ ಎಂಬಂತೆ ಇನ್ನೊಮ್ಮೆ ಕೇಳುತ್ತಾರೆ. ಆಗ ‘ಮಾಡೂದೇ ಆದ್ರೆ ಒಂದು ಚೂರು ಚಾ’ ಎಂದು ಒಪ್ಪಿಕೊಂಡು ಒಂದು ಲೋಟ ತುಂಬ ಕುಡಿದು ಬರುವುದು ಪದ್ಧತಿ. ಈ ಎರಡನೆಯ ಸಲದ ಕೇಳುವಿಕೆಯ ಮೇಲೆಯೇ ನಮ್ಮ ಬದುಕು ನಡೆಯುತ್ತಿದೆ ಎಂದರೂ ತಪ್ಪಿಲ್ಲ.

ಘಟ್ಟದ ಆಚೀಚೆ ಇದು ನಡೆಯುವುದಿಲ್ಲ. ಯಲ್ಲಾಪುರದಲ್ಲಿ ನಾನು ಗಣಿತದ ಟೀಚರಾಗಿದ್ದಾಗ ಒಮ್ಮೆ ಹುಬ್ಬಳ್ಳಿಯ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಚಹಾ ಬೇಕೇನು ಎಂದು ಕೇಳಿದಳು. ಬೇಡ ಎಂದೆ. ‘ಆತು ಬಿಡ್ರಿ’ ಎಂದವಳೇ ನನ್ನೆದುರು ಕುಳಿತು ಮಾತಿಗೆ ಶುರುವಿಟ್ಟಳು. ಯಲ್ಲಾಪುರದವರೆಗೂ ಬಸ್ಸಿನಲ್ಲಿ ತಲೆನೋವು ಹೊತ್ತುಕೊಂಡು ಬಂದೆ. ಅವಳದೇನೂ ತಪ್ಪಿರಲಿಲ್ಲ, ನನ್ನ ಮಾತನ್ನು ನಂಬಿದ್ದಳು ಅಷ್ಟೆ.

ಇದೆಲ್ಲ ನೆನಪಾಗಲು ಕಾರಣ ನನ್ನ ತಮ್ಮನ ಮಗಳು ಸಿಂಧು. ಸಿಇಟಿ ರ‍್ಯಾಂಕ್ ಬಂದ ಮೇಲೆ ಅಪ್ಪ ಅಮ್ಮನ ಜೊತೆ ಹುಲಗೋಳದಿಂದ ಶಿರಸಿಯ ನಮ್ಮ ಮನೆಗೆ ಬಂದಳು. ಯಾವ ಕೋರ್ಸು, ಯಾವ ಕಾಲೇಜು ಬೇಕೆಂದು ವೆಬ್‌ಸೈಟಿನಲ್ಲಿ ಸಾಲಾಗಿ ತುಂಬಬೇಕಿತ್ತು. ನಮ್ಮ ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿದೆ, ಅತ್ತೆಗೆ ಲೆಕ್ಕವೂ ಬರುತ್ತದೆ ಎಂಬ ನಂಬಿಕೆ.

ನಾನು ಮೊದಲು ಬೆರಗಾದದ್ದು ಆ ವೆಬ್‌ಸೈಟನ್ನು ಕಂಡು. ನಾನು ಬಿಎಸ್ಸಿ ಸೇರಿದ್ದು ಹೇಗೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪ್ಪನ ಪರಿಚಯದವರೊಬ್ಬರು ‘ಸೈನ್ಸು ಅಡ್ಡಿಲ್ಲೆ’, ಅಂದರೆ ಪರವಾಗಿಲ್ಲ, ಎಂದರು. ನನ್ನ ಶೈಕ್ಷಣಿಕ ಸಮಾಲೋಚನೆ ಅಲ್ಲಿಗೆ ಮುಗಿಯಿತು. ಈಗ ನೋಡಿ, ಪ್ರತಿ ಕೋರ್ಸಿನಲ್ಲಿ ಏನೇನು ಕಲಿಸುತ್ತಾರೆ, ಹೋದ ವರ್ಷ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿತು, ಹಾಸ್ಟೆಲ್ ಇದೆಯೋ ಇಲ್ಲವೋ, ಎಲ್ಲವೂ ಬೆರಳ ತುದಿಯಲ್ಲಿದೆ. ಯಾರ ಮಗಳು, ಯಾವ ಊರು ಎಂದು ಕೇಳದೆ ಎಲ್ಲರಿಗೂ ಒಂದೇ ಸಮಾಧಾನದಲ್ಲಿ ಹೇಳುತ್ತದೆ. ನಿಮ್ಮ ಅಭಿರುಚಿ ಯಾವುದೆಂದು ಪ್ರಶ್ನೆ ಕೇಳಿ ಕೋರ್ಸು ಸೂಚಿಸುವ ಆ್ಯಪ್ ಕೂಡ ಇದೆ. ಕುತೂಹಲಕ್ಕೆ ನಾನೂ ಉತ್ತರಿಸಿದೆ. ಜವಳಿ ವಿನ್ಯಾಸಕ್ಕೆ ಹೇಳಿ ಮಾಡಿಸಿದವಳು ಎಂದು ಬಂತು. ನಿವೃತ್ತಿಯಾದ ಮೇಲೆ ತಿಳಿದರೂ ಖುಷಿಯಾಯಿತು.

ಸಿಂಧು ಉತ್ತರಿಸಿದಾಗ ಮಾತ್ರ ಆ್ಯಪ್ ಸೋತಿತು. ತುಂಬಾ ಇಷ್ಟ, ಪರವಾಗಿಲ್ಲ, ಇಷ್ಟವಿಲ್ಲ ಎಂಬ ಮೂರರಲ್ಲಿ ಅವಳು ‘ಪರವಾಗಿಲ್ಲ’ವನ್ನೇ ಒತ್ತುತ್ತ ಹೋದಳು. ದಿನವಿಡೀ ಕಾಡಿನಲ್ಲಿ ಕೆಲಸ ಮಾಡುವುದು ಎಂಬಲ್ಲಿ ಮಾತ್ರ ‘ತುಂಬಾ ಇಷ್ಟ’ ಒತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನಾನು ಕಂಡೂ ಕಾಣದೆ ಹಲಸಿನ ಹಪ್ಪಳ ತಿನ್ನುತ್ತಿದ್ದೆ. ನಿಮಗೆ ಬಹುತೇಕ ಎಲ್ಲ ಕೋರ್ಸುಗಳೂ ಹೊಂದುತ್ತವೆ ಎಂದು ಆ್ಯಪ್ ಕೈಚೆಲ್ಲಿತು. ನಮ್ಮ ಸೀಮೆಯ ‘ಅಡ್ಡಿಲ್ಲೆ’ಯ ಅರ್ಥ ತಿಳಿಯಲು ಅದು ಇಲ್ಲಿ ಹುಟ್ಟಬೇಕಿತ್ತು.

ಪುರಾಣಗಳಲ್ಲಿ ತಪಸ್ಸು ಮಾಡಿದವರ ಮುಂದೆ ದೇವರು ಬಂದು ಏನು ವರ ಬೇಕೆಂದು ಕೇಳುತ್ತಾನೆ. ಅವರು ತಡವರಿಸದೆ ದೊಡ್ಡದನ್ನೇ ಕೇಳುತ್ತಾರೆ. ಅವರಲ್ಲಿ ಯಾರೂ ಶಿರಸಿ, ಸಿದ್ದಾಪುರದ ಕಡೆಯವರಲ್ಲ ಎಂದು ನನಗೆ ಖಾತ್ರಿಯಾಗಿದೆ. ನಮ್ಮವರಾಗಿದ್ದರೆ ‘ಎಂತೂ ಬ್ಯಾಡ’ ಎನ್ನುತ್ತಿದ್ದರು, ದೇವರು ಅಲ್ಲೇ ಮಾಯವಾಗುತ್ತಿದ್ದ.

ಆಯ್ಕೆಗಳನ್ನು ತುಂಬಿ ಅವರು ಹುಲಗೋಳಕ್ಕೆ ಹೋದರು. ಕೆಲವು ದಿನಗಳಲ್ಲಿ ಅಣಕು ಹಂಚಿಕೆ, ಅಂದರೆ ನಿಜವಾದ ಹಂಚಿಕೆಗೆ ಮೊದಲು ನಿಮಗೆ ಯಾವ ಸೀಟು ಸಿಗಬಹುದೆಂದು ತೋರಿಸುವ ತಾಲೀಮು, ಬಂತು. ಸಿಂಧುವಿಗೆ ಕಂಪ್ಯೂಟರ್ ಎಂಜಿನಿಯರಿಂಗ್ ತೋರಿಸುತ್ತಿತ್ತು. ತಮ್ಮ ಸಂತೋಷದಿಂದ ಫೋನ್ ಮಾಡಿದ. ಮಗಳಿಗೆ ಕೊಡು ಎಂದೆ.

‘ಸಮಾ ಆತನೇ ಕೂಸೆ?’ ಎಂದು ಕೇಳಿದೆ.

‘ಅಡ್ಡಿಲ್ಲೆ ಅತ್ತೆ’ ಎಂದಳು. ಆ ಸಪ್ಪೆ ದನಿ ಕೇಳಿ ನನಗೆ ಹಪ್ಪಳ ತಿನ್ನುವಾಗ ಕಂಡ ಕಾಡಿನ ಉತ್ತರ ನೆನಪಾಯಿತು. ನಾಳೆಯೇ ಅಪ್ಪನ ಜೊತೆ ಬಾ ಎಂದು ಕರೆಸಿದೆ.

ಪಟ್ಟಿ ತೆಗೆದು ನೋಡಿದರೆ ಮೇಲೆಲ್ಲ ಎಂಜಿನಿಯರಿಂಗ್. ಎಲ್ಲಕ್ಕಿಂತ ಕೆಳಗೆ, ಪಂಕ್ತಿಯ ಕೊನೆಯಲ್ಲಿ ಮುದುಡಿ ಕೂತವರ ಹಾಗೆ, ಅರಣ್ಯಶಾಸ್ತ್ರ.

‘ಇದು ನಿಂಗೆ ಬೇಕಾಗಿತ್ತನೇ?’

‘ಬೇಕಾಗಿತ್ತು’ ಎಂದವಳ ಕಣ್ಣು ತುಂಬಿತು. ‘ಮೊದಲೇ ಅದನ್ನ ಹಾಕಿದ್ರೆ ಆಸೆಬುರುಕಿ ಹೇಳಿ ಕಾಣ್ತಿಲ್ಯಾ? ಕೊನೆಗೆ ಹಾಕಿದ್ರೂ ಅದನ್ನೂ ನೋಡ್ತು ಹೇಳಿ ಆನು ಅಂದ್ಕಂಡಿದ್ದಿ.’

ಯಂತ್ರ ಮೇಲಿಂದ ನೋಡುತ್ತ ಬರುತ್ತದೆ, ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ, ಕೆಳಗಿನದನ್ನು ನೋಡುವುದೇ ಇಲ್ಲ ಎಂದು ವಿವರಿಸಿದೆ. ಅವಳು ಗಾಬರಿಯಾದಳು. ನಾನಂತೂ ಅವಳನ್ನು ಬೈಯಲಾರೆ. ನಾವೇ ಕಲಿಸಿದ ಮರ್ಯಾದೆಯನ್ನು ಮಗು ಸರಕಾರದ ವೆಬ್‌ಸೈಟಿಗೂ ಕೊಟ್ಟಿತ್ತು.

ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ‘ಯನ್ನ ಹತ್ರ ಹೇಳಿದ್ರೆ ಆನು ಬ್ಯಾಡ ಹೇಳ್ತಿದ್ನನೇ?’ ಎಂದ. ಪಾಪ, ಅವನು ಒಮ್ಮೆ ಕೇಳಿದ್ದ. ಎರಡನೆಯ ಸಲ ಕೇಳಿರಲಿಲ್ಲ.

ಆಗ ನನಗೆ ಆ ವೆಬ್‌ಸೈಟಿನ ಮೇಲೆ ಅಭಿಮಾನ ಉಕ್ಕಿ ಬಂತು. ಹುಬ್ಬಳ್ಳಿಯ ಗೆಳತಿಯ ಹಾಗೆ ‘ಆತು ಬಿಡ್ರಿ’ ಎಂದು ಕುಳಿತುಬಿಡುವ ಯಂತ್ರವೆಂದುಕೊಂಡಿದ್ದೆ. ಅಲ್ಲವೇ ಅಲ್ಲ. ಕೇಳಿದ್ದನ್ನು ಒಮ್ಮೆ ಬಡಿಸಿ ತೋರಿಸಿ, ಇದು ನಿಜವಾಗಿ ಬೇಕೋ, ಬದಲಿಸುವುದಿದ್ದರೆ ಈಗಲೇ ಬದಲಿಸು ಎನ್ನುತ್ತದೆ. ಅಪ್ಪ, ಅಮ್ಮ, ಅತ್ತೆ ಮೂವರೂ ಮರೆತ ಎರಡನೆಯ ಸಲದ ಪ್ರಶ್ನೆಯನ್ನು ಅದೊಂದೇ ಕೇಳಿತ್ತು. ಹೋದ ವರ್ಷದ ಅಂಕಿಗಳನ್ನೂ ತೋರಿಸಿ, ಅವಳ ರ‍್ಯಾಂಕಿಗೆ ಅರಣ್ಯಶಾಸ್ತ್ರ ಸಿಗಬಹುದು ಎಂದು ಧೈರ್ಯ ಹೇಳಿತು. ಸಿಂಧು ತಾನೇ ಅದನ್ನು ಎಳೆದು ಪಟ್ಟಿಯ ತಲೆಯ ಮೇಲೆ ಕೂರಿಸಿದಳು.

ಸೀಟು ಸಿಕ್ಕಿತು. ಸಿಕ್ಕ ಮೇಲೆ ಎಲ್ಲರೂ ನಮ್ಮ ಮನೆಗೆ ಬಂದರು. ಆಸ್ರಿಗೆ ಎಂತ ಮಾಡ್ಲಿ ಎಂದು ಕೇಳಿದೆ.

‘ಎಂತೂ ಬ್ಯಾಡ ಅತ್ತಿಗೆ’ ಎಂದಳು ತಮ್ಮನ ಹೆಂಡತಿ ನಾಗವೇಣಿ.

‘ಯಂಗೆ ಮುರುಗಲ ಹಣ್ಣಿನ ಪಾನಕ. ದೊಡ್ಡ ಲೋಟದಲ್ಲಿ’ ಎಂದಳು ಸಿಂಧು.

ನಾಗವೇಣಿ ಮಗಳತ್ತ ಕಣ್ಣು ಬಿಟ್ಟಳು. ನಾನು ಕಾಣದವಳಂತೆ ಒಳಗೆ ಹೋಗಿ ಬೆಲ್ಲ ಕರಗಿಸತೊಡಗಿದೆ. ಅಭ್ಯಾಸಬಲದಿಂದ ಅಲ್ಲಿಂದಲೇ ನಾಗವೇಣಿಯನ್ನು ಇನ್ನೊಮ್ಮೆ ಕೇಳಿದೆ.

‘ಮಾಡೂದೇ ಆದ್ರೆ,’ ಎಂದಳು ಅವಳು, ‘ಆ ಕೂಸಿನ ಲೋಟದಷ್ಟೇ ಮಾಡು.’