ಬೆಂಚಿನ ತುದಿಯ ಬಾಟಲಿ

ಕೊರೋನಾ ಕಾಲದಲ್ಲಿ ಪ್ರತಿ ಬೀದಿಗೂ ಒಬ್ಬ ಅಪರಾಧಿ ಬೇಕಾಗಿದ್ದ. ಇದು ನಿಮಗೆ ಗೊತ್ತಿರುವ ವಿಷಯ. ನಿಮ್ಮ ಬೀದಿಯಲ್ಲಿ ಆ ಪಟ್ಟ ಯಾರಿಗೆ ಸಿಕ್ಕಿತು, ಕಟ್ಟಿದವರಲ್ಲಿ ನೀವೂ ಇದ್ದಿರಾ ಅನ್ನುವುದೂ ನಿಮಗೆ ಗೊತ್ತು.

ಉತ್ತರ ಜಪಾನಿನ ಒಂದು ಬಂದರು ಊರಿನ ಐಸ್ ಹಾಕಿ ತಂಡದಲ್ಲಿ ಅದು ಹೃಷಿಕೇಶನಿಗೆ ಸಿಕ್ಕಿತು. ತಂಡದ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಓದುವವರು ಅದು ಆ ತಂಡದ ರೋಗ ಅಂದುಕೊಂಡು ನೆಮ್ಮದಿಯಾಗಿ ಮಲಗಿಬಿಡುತ್ತಾರೆ.

ಹೃಷಿ ಹುಟ್ಟಿದ್ದು ಅದೇ ದೇಶದ ತ್ಸುಕುಬಾ ಅನ್ನುವ ಊರಿನಲ್ಲಿ. ಅಪ್ಪ ಶ್ರೀಪಾದ ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಲೋಹಗಳ ಮೇಲೆ ಕೆಲಸ ಮಾಡುವವರು. ಅಮ್ಮ ವೇದವಲ್ಲಿ ಮೈಸೂರಿನವರು. ಒಂದು ಚಳಿಗಾಲ ಶಾಲೆಯವರು ಮಕ್ಕಳನ್ನು ಸ್ಕೇಟಿಂಗ್ ರಿಂಕಿಗೆ ಕರೆದುಕೊಂಡು ಹೋದರು. ಉಳಿದ ಮಕ್ಕಳು ಗೋಡೆ ಹಿಡಿದು ನಿಂತರು, ಇವನು ಬಿದ್ದು ಎದ್ದು ಬಿದ್ದು ಮೊಣಕಾಲು ಊದಿಸಿಕೊಂಡು ಬಂದು ನಾಳೆಯೂ ಹೋಗಬೇಕು ಅಂದ. ಆ ನಾಳೆ ಮುಗಿಯಲೇ ಇಲ್ಲ. ಹೈಸ್ಕೂಲಿಗೇ ಉತ್ತರದ ಹೊಕ್ಕೈಡೋ ದ್ವೀಪದ ಹಾಸ್ಟೆಲ್ ಸೇರಿದ. ಕಾಲೇಜು ಮುಗಿಯುವ ಹೊತ್ತಿಗೆ ಜಪಾನಿನ ಪಾಸ್‌ಪೋರ್ಟ್ ತಗೊಂಡ, ಯಾಕೆಂದರೆ ತಂಡದಲ್ಲಿ ಹೊರದೇಶದವರಿಗೆ ಇರುವ ಬೆರಳೆಣಿಕೆಯ ಜಾಗಗಳಿಗೆ ಕೆನಡಾದವರು ಕಾದು ಕೂತಿದ್ದರು. ಅಮ್ಮ, "ಪಾಸ್‌ಪೋರ್ಟ್ ಬದಲಾಯಿಸ್ಕೋ, ನಾಲಿಗೆ ಬದಲಾಯಿಸ್ಕೋಬೇಡ" ಅಂದರು. ಅವನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಓಕೆ ಅಂದ.

ಅವನ ಜಾಗ ಎಡಗಡೆಯ ವಿಂಗರ್, ಅಂದರೆ ಅಂಚಿನ ಆಟಗಾರ. ಪಕ್ ಅನ್ನುವ ಕರಿ ರಬ್ಬರ್ ಬಿಲ್ಲೆ ಮೂಲೆಗೆ ಹೋಗಿ ಸಿಕ್ಕಿಕೊಂಡಾಗ, ಮೇಲೆ ಬೀಳುವವರನ್ನು ಬೆನ್ನಿನಲ್ಲೇ ತಡೆದು ಅದನ್ನು ಕೆದಕಿ ನಡುವಿನವನಿಗೆ ತಳ್ಳಬೇಕು. ಗೋಲು ಅವನದು, ಗೋಡೆ ಇವನದು. ವರ್ಷಗಟ್ಟಲೆ ಹಾಗೆ ಗೋಡೆಗೆ ಗುದ್ದಿಸಿಕೊಂಡು ಎಡ ಭುಜ ಬಲಕ್ಕಿಂತ ತುಸು ತಗ್ಗಿಹೋಗಿತ್ತು. ಅವನ ಬಗ್ಗೆ ಪತ್ರಿಕೆಗಳು ಬರೆದದ್ದು ಕಮ್ಮಿ. ಕೋಚ್ ಮಾತ್ರ ಕಷ್ಟದ ಹೊತ್ತಿನಲ್ಲಿ ಅವನ ಸಾಲನ್ನೇ, ಅಂದರೆ ಒಟ್ಟಿಗೆ ಇಳಿಯುವ ಆ ಮೂವರನ್ನೇ, ಕರೆಯುತ್ತಿದ್ದ. ಈ ಆಟದಲ್ಲಿ ಗೋಲ್‌ಕೀಪರ್ ಬಿಟ್ಟು ಯಾರೂ ಒಂದು ಸಲಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಮಂಜಿನ ಮೇಲೆ ನಿಲ್ಲುವುದಿಲ್ಲ; ಉಸಿರು ಕಟ್ಟುವಷ್ಟು ಓಡಿ, ಬೆಂಚಿಗೆ ಬಂದು ಬಿದ್ದು, ನೀರು ಕುಡಿದು, ಕರೆಗೆ ಕಾಯುತ್ತಾರೆ. ಕರೆ ಬಂದರೆ ಆಟಗಾರ, ಬಾರದಿದ್ದರೆ ಬರೀ ಪ್ರೇಕ್ಷಕ.

ನೀರು ಕುಡಿಯುವಾಗಲೇ ಹೃಷಿ ಎಲ್ಲರ ಕಣ್ಣಿಗೆ ಬಿದ್ದಿದ್ದು. ಬೆಂಚಿನ ಬಾಟಲಿಗಳು ಯಾರದೋ ಯಾರ ಕೈಗೋ. ಸುಸ್ತಾದವರು ಮೂತಿಯನ್ನೇ ಕಚ್ಚಿ ಹಿಂಡುತ್ತಿದ್ದರು. ಇವನು ಗೇಣುದ್ದ ಮೇಲೆ ಹಿಡಿದು ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ಬೀದಿ ತುದಿಯ ಕೊಂಬಿನಿ ಅಂಗಡಿಯಿಂದ ತಂದ ಟೀ ಬಾಟಲಿಯೂ ಹಾಗೇ, ಗೆದ್ದ ದಿನದ ಬಿಯರ್ ಕ್ಯಾನೂ ಹಾಗೇ. ಎಂಜಲು ಮಾಡಬಾರದು ಅಂತ ಅಮ್ಮ ಹಲ್ಲು ಬರುವ ಮೊದಲೇ ಕಲಿಸಿದ್ದರು. ತಂಡದವರು ಅವನಿಗೆ 'ಜಲಪಾತ' ಅಂತ ಹೆಸರಿಟ್ಟು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಗ ಎಲ್ಲರಿಗೂ ಆರೋಗ್ಯ ಚೆನ್ನಾಗಿತ್ತು.

೨೦೨೧ರ ಆಗಸ್ಟ್. ಊರು ಬಿಟ್ಟು ಊರಿಗೆ ಹೋಗಬೇಡಿ ಎಂದು ಸರಕಾರ ಕೈಮುಗಿದು ಕೇಳುತ್ತಿದ್ದ ಕಾಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೃಷಿ ತ್ಸುಕುಬಾಗೆ ಹೋಗಿಬಂದ. ಮನೆಯಲ್ಲಿ ಮೂರೇ ಜನ, ಬೇರೆ ಯಾರನ್ನೂ ಕರೆದಿರಲಿಲ್ಲ. ಆದರೆ ಜಪಾನಿನಲ್ಲಿ ಊರಿಗೆ ಹೋಗಿಬಂದವರು ಜೊತೆಯವರಿಗೆ ಏನಾದರೂ ತಿಂಡಿ ತರಬೇಕು. ಒಂದೊಂದಕ್ಕೂ ಬೇರೆ ಬೇರೆ ಕಾಗದ ಸುತ್ತಿದ ಅಂಗಡಿ ತಿಂಡಿ. ವೇದವಲ್ಲಿ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ತುಂಬಿ ಕಳಿಸಿದರು, ಒಂದರ ಮೇಲೊಂದು, ನಡುವೆ ತುಪ್ಪ. ಆ ಕಾಲದಲ್ಲಿ, ಆ ದೇಶದಲ್ಲಿ, ಇಂಥ ತಪ್ಪು ಒಬ್ಬ ಮೈಸೂರು ತಾಯಿ ಮಾತ್ರ ಮಾಡಬಲ್ಲಳು, ಮಗ ಮಾತ್ರ ಅದನ್ನು ಲಾಕರ್ ರೂಮಿನವರೆಗೆ ಹೊತ್ತುಕೊಂಡು ಹೋಗಬಲ್ಲ. ಎಲ್ಲರೂ ತಿಂದರು. ಇಬ್ಬರು ಎರಡನೇದು ಕೇಳಿದರು.

ವಾರದೊಳಗೆ ಅರ್ಧಕ್ಕಿಂತ ಹೆಚ್ಚು ತಂಡ ಜ್ವರದಲ್ಲಿ ಮಲಗಿತು. ಸ್ಥಳೀಯ ಪತ್ರಿಕೆಯಲ್ಲಿ ಕ್ಲಸ್ಟರ್ ಅಂತ ಬಂತು. ಹೃಷಿಗೆ ಏನೂ ಆಗಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡಿದರೂ ನೆಗೆಟಿವ್. ಬೇರೆಯವನಾಗಿದ್ದರೆ ಪುಣ್ಯವಂತ ಅನ್ನುತ್ತಿದ್ದರು. ಆಗ ಹರಡುತ್ತಿದ್ದ ವೈರಸ್ ತಳಿಗೆ ಡೆಲ್ಟಾ ಅಂತ ಹೆಸರಿಟ್ಟು ಎಷ್ಟೋ ದಿನವಾಗಿದ್ದರೂ ಲಾಕರ್ ರೂಮಿನಲ್ಲಿ ಅದು ಇನ್ನೂ 'ಇಂಡಿಯಾ ತಳಿ'ಯೇ ಆಗಿತ್ತು.

ಚೇತರಿಸಿಕೊಂಡು ಬಂದ ಕ್ಯಾಪ್ಟನ್ ಒನೊದೆರಾ ಒಂದು ದಿನ ಶೂ ಕಟ್ಟಿಕೊಳ್ಳುತ್ತಾ ಕೇಳಿದ, "ಜಲಪಾತ, ನೀನು ಯಾಕೆ ಯಾವತ್ತೂ ಬಾಟಲಿಗೆ ಬಾಯಿ ಇಡಲ್ಲ?"

"ಸುಮಿಮಾಸೆನ್, ಕ್ಷಮಿಸಿ, ಒನೊದೆರಾ-ಸಾನ್. ಮನೆ ಅಭ್ಯಾಸ. ಒಬ್ಬರ ಬಾಯಿ ತಗುಲಿದ್ದನ್ನ ಇನ್ನೊಬ್ಬರು ಮುಟ್ಟಬಾರದು ಅಂತ."

"ಕಾಯಿಲೆಗೆ ಮುಂಚೆಯಿಂದಲೂ?"

"ತಲೆತಲಾಂತರದಿಂದ."

"ಅಂದ್ರೆ ನಮ್ಮ ಬಾಯಿ ಗಲೀಜು ಅಂತ ನಿನಗೆ ಮೊದಲಿಂದಲೂ ಇತ್ತು."

ಹೃಷಿ ಇಲ್ಲ ಅನ್ನಬೇಕಿತ್ತು. ಆದರೆ ಆ ಪ್ರಶ್ನೆಯನ್ನು ಅವನು ತನಗೇ ಯಾವತ್ತೂ ಕೇಳಿಕೊಂಡಿರಲಿಲ್ಲ.

ಮರುದಿನ ಅವನ ಬಾಟಲಿಗೆ ಕೆಂಪು ಟೇಪ್ ಬಂತು. ಎಲ್ಲರ ಬಾಟಲಿಗಳ ಮೇಲೂ ಈಗ ಹೆಸರಿತ್ತು, ಅದು ನಿಯಮ. ಆದರೆ ಉಳಿದವರವೆಲ್ಲ ಒಂದೇ ಸ್ಟ್ಯಾಂಡಿನಲ್ಲಿ ನಿಂತಿದ್ದವು. ಇವನದು ಬೆಂಚಿನ ತುದಿಯಲ್ಲಿ, ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಒಂಟಿಯಾಗಿ. ಯಾರೂ ಬೈಯಲಿಲ್ಲ. ಎಲ್ಲರೂ ನಮಸ್ಕಾರ ಹೇಳುತ್ತಿದ್ದರು, ತಲೆ ಬಗ್ಗಿಸುತ್ತಿದ್ದರು, ಅವನು ಕೂತ ಕಡೆಯಿಂದ ತಮ್ಮ ಟವೆಲ್ ಎತ್ತಿಕೊಳ್ಳುತ್ತಿದ್ದರು.

ಅನುಮಾನ ಒಂದು ಕಡೆಯಿಂದ ಮಾತ್ರ ಹರಿಯುವುದಿಲ್ಲ. ಹಬ್ಬಕ್ಕೆ ಹೋಗುವ ಮುಂಚಿನ ಸಂಜೆ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ, ಆ ದಿನಗಳಲ್ಲಿ ಮುಚ್ಚಿರಬೇಕಿದ್ದ, ಬೋರ್ಡಿನ ದೀಪ ಆರಿಸಿದ್ದ ಒಂದು ಬಾರಿನಿಂದ ಒನೊದೆರಾ ಇಬ್ಬರು ಕಿರಿಯರ ಜೊತೆ ಹೊರಬಂದದ್ದನ್ನು ಹೃಷಿ ನೋಡಿದ್ದ. ಈಗ ಅದೇ ದೃಶ್ಯ ಕಣ್ಣ ಮುಂದೆ ಓಡತೊಡಗಿತು. ಯಾರು ಕೆಮ್ಮಿದರೂ ತಿರುಗಿ ನೋಡುತ್ತಿದ್ದ. ಯಾರು ಪಿಸುಗುಟ್ಟಿದರೂ ತನ್ನ ಬಗ್ಗೆಯೇ ಅಂದುಕೊಳ್ಳುತ್ತಿದ್ದ. ಬಹಳ ಸಲ ಅದು ನಿಜವೂ ಆಗಿತ್ತು.

ಸೀಸನ್ ಶುರುವಾಗುವ ಮುಂಚೆ ಮ್ಯಾನೇಜರ್ ಕುವಾಬಾರಾ ಕರೆಸಿದರು. "ಪತ್ರಿಕೆಯವರ ಮುಂದೆ ಮೂರು ಜನ ನಿಲ್ಲೋಣ. ನಾನು, ಕ್ಯಾಪ್ಟನ್, ನೀನು. ನೀನು ಮೊದಲು ಬಗ್ಗಿ ಕ್ಷಮೆ ಕೇಳು."

"ನನಗೆ ಸೋಂಕೇ ಬಂದಿಲ್ಲವಲ್ಲ, ಕುವಾಬಾರಾ-ಸಾನ್."

"ಅದೇ ಜನಕ್ಕೆ ಅರ್ಥ ಆಗ್ತಿಲ್ಲ. ಇದು ತಪ್ಪೊಪ್ಪಿಗೆ ಅಲ್ಲಪ್ಪ. ಊರಿಗೆ ತೊಂದರೆ ಆಯ್ತಲ್ಲ, ಅದಕ್ಕೆ."

"ಹಬ್ಬಕ್ಕೆ ಹೋದದ್ದಕ್ಕೆ ಕೇಳ್ತೀನಿ. ತಿಂಡಿ ಹಂಚಿದ್ದಕ್ಕೂ ಕೇಳ್ತೀನಿ. ಕಾಯಿಲೆ ತಂದೆ ಅಂತ ಹೇಗೆ ಕೇಳಲಿ?"

ಕುವಾಬಾರಾ ಕಿಟಕಿಯ ಕಡೆ ನೋಡಿದರು. "ನಿನ್ನ ಭುಜಕ್ಕೆ ವಯಸ್ಸಾಯ್ತು. ಕೋಚ್ ನಿನ್ನನ್ನ ಈ ಸೀಸನ್ ಪೂರ್ತಿ ಆಡಿಸೋಣ ಅಂತಿದ್ದಾರೆ. ನಾನೂ ಅದನ್ನೇ ಬಯಸ್ತೀನಿ." ಇದಕ್ಕಿಂತ ಬಿಡಿಸಿ ಹೇಳುವ ಪದ್ಧತಿ ಅಲ್ಲಿಲ್ಲ. ಬಗ್ಗಿದರೆ ಮಂಜು, ಇಲ್ಲದಿದ್ದರೆ ಬೆಂಚು.

ಆ ಸಂಜೆ ಹೃಷಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಆ ಕ್ಯಾಪ್ಟನ್ ಹೆಸರು ಹೇಳಿಬಿಡು" ಅಂದರು ವೇದವಲ್ಲಿ. "ನೀನೇ ಕಣ್ಣಾರೆ ನೋಡಿದ್ದೀಯಲ್ಲೋ."

"ಬಾರಿಂದ ಬಂದಿದ್ದು ನೋಡ್ದೆ ಅಮ್ಮ. ವೈರಸ್ ನೋಡ್ಲಿಲ್ಲ. ಐ ಓನ್ಲಿ ಸಸ್ಪೆಕ್ಟ್."

"ಅವರು ನಿನ್ನ ಮೇಲೆ ಹಾಕಿರೋದು ಇನ್ನೇನು? ಬೇರೆ ಬಾಟಲಿ ಇಡ್ತಾರಂತೆ. ನನ್ನ ಮಗನಿಗೆ ಬೇರೆ ಬಾಟಲಿ. ಇವರಿಗೆ ಮನುಷ್ಯತ್ವ ಇದೆಯಾ?"

"ಅಮ್ಮ, ಅಜ್ಜಿ ಮನೆ ಹಿತ್ತಿಲಲ್ಲಿ ಒಂದು ಲೋಟ ಇತ್ತಲ್ಲ, ನಲ್ಲಿ ಕಟ್ಟೆ ಮೇಲೆ? ಮನೆಕೆಲಸದ ಸತ್ಯಮ್ಮಂದು. ನಾನು ಸಣ್ಣೋನಿದ್ದಾಗ ಅದ್ರಲ್ಲಿ ನೀರು ಕುಡಿದೆ ಅಂತ ನಂಗೆ ಸ್ನಾನ ಮಾಡ್ಸಿದ್ರಿ. ನನ್ನ ಸ್ಟೂಲ್ ಹಂಗೇ ಇದೆ."

ಫೋನಿನ ಆ ಕಡೆ ಕುಕ್ಕರ್ ಕೂಗಿತು. ವೇದವಲ್ಲಿ ಅದನ್ನು ಆರಿಸಲು ಹೋದವರು ತುಂಬಾ ಹೊತ್ತು ಬರಲಿಲ್ಲ. ಬಂದು, "ಊಟ ಮಾಡಿದ್ಯಾ?" ಅಂದರು.

ಪತ್ರಿಕೆಯವರ ಮುಂದೆ ಇಬ್ಬರೇ ಬಗ್ಗಿದರು. ಮಧ್ಯದಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ಕ್ಯಾಮೆರಾಗಳು ಚೆನ್ನಾಗಿಯೇ ಹಿಡಿದವು. ಒನೊದೆರಾ ಮ್ಯಾನೇಜರಿಗಿಂತ ಕೆಳಕ್ಕೆ ಬಗ್ಗಿದ. ಅದು ಪಶ್ಚಾತ್ತಾಪವೋ, ಮುಖ ಮುಚ್ಚಿಕೊಳ್ಳುವ ಉಪಾಯವೋ ಹೃಷಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಆ ಗಲ್ಲಿಯ ಮಾತನ್ನು ಹೃಷಿ ತಂಡದವರ ಮುಂದಾಗಲಿ ಪತ್ರಿಕೆಯವರ ಮುಂದಾಗಲಿ ಎತ್ತಲಿಲ್ಲ.

ಮೊದಲ ಪಂದ್ಯ. ಪ್ರೇಕ್ಷಕರು ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಆ ಮೂಕ ಚಪ್ಪಾಳೆಯ ನಡುವೆ ಹೃಷಿ ಒಂದು ಸರದಿ ಆಡಿ, ಮೂಲೆಯಿಂದ ಪಕ್ ಕೆದಕಿ ಕೊಟ್ಟು, ಏದುಸಿರು ಬಿಡುತ್ತಾ ಬೆಂಚಿಗೆ ಬಂದ. ಸ್ಟೂಲಿನ ಮೇಲಿದ್ದ ಬಾಟಲಿ ಎತ್ತಿಕೊಂಡ. ಕೆಂಪು ಟೇಪನ್ನು ಉಗುರಿನಿಂದ ಎಬ್ಬಿಸಿ ಸುಲಿದ. ಎಂದಿನಂತೆ ಎತ್ತಿ ಹಿಡಿಯದೆ, ಮೂತಿಗೆ ಬಾಯಿಟ್ಟು ಕುಡಿದ. ಆಮೇಲೆ ಅದನ್ನು ಎಲ್ಲರ ಬಾಟಲಿಗಳಿದ್ದ ಸ್ಟ್ಯಾಂಡಿನ ಖಾಲಿ ಗುಣಿಯಲ್ಲಿ ನಿಲ್ಲಿಸಿದ. ಅವನ ಹೆಸರು ಅದರ ಮೇಲೆ ಸ್ಪಷ್ಟವಾಗಿತ್ತು. ಯಾವ ನಿಯಮವೂ ಮುರಿದಿರಲಿಲ್ಲ.

ಸಾಮಾನು ನೋಡಿಕೊಳ್ಳುವವರು ಬಂದು ಅದನ್ನು ಮೆಲ್ಲಗೆ ತೆಗೆದು ಸ್ಟೂಲಿಗೆ ಒಯ್ದರು. ಹೃಷಿ ಎದ್ದು ಮತ್ತೆ ತಂದಿಟ್ಟ. ಅವರು ಮತ್ತೆ ಒಯ್ದರು. ಮೂರನೇ ಸಲ ಅವನು ಏಳುವಾಗ ಒನೊದೆರಾ ತಲೆ ಎತ್ತದೆಯೇ, "ಕೂತ್ಕೋ. ಸಾಕು" ಅಂದ. ಹೃಷಿ ಇಟ್ಟು ಬಂದೇ ಕೂತ. ಕೋಚ್ ಸಾಲುಗಳನ್ನು ಕರೆಯುತ್ತಾ ಹೋದ. ಎರಡನೇ ಸಾಲು, ಮೂರನೇದು, ಮತ್ತೆ ಎರಡನೇದು. ಅವನ ಸಾಲಿನ ಸರದಿ ಬಂದಾಗ ಎಡಗಡೆಯ ವಿಂಗಿಗೆ ಬೇರೆಯವನ ಹೆಸರು ಬಂತು. ಹೃಷಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚದೆ ಕೊನೆಯ ಸೀಟಿಯವರೆಗೂ ಕಾದ. ಆ ಸೀಸನ್ನಿನಲ್ಲಿ ಕರೆ ಬಂದದ್ದು ಬೆರಳೆಣಿಕೆಯ ಸಲ. ಮಾರ್ಚಿನಲ್ಲಿ ತಂಡ ಅವನಿಗೆ ಹೂಗುಚ್ಛ ಕೊಟ್ಟು, ಧನ್ಯವಾದ ಹೇಳಿ, ಕಳಿಸಿಕೊಟ್ಟಿತು. ಎಲ್ಲರೂ ತಲೆ ಬಗ್ಗಿಸಿದರು. ಈಗ ಬೇರೊಂದು ಊರಿನ ರಿಂಕಿನಲ್ಲಿ ಮಕ್ಕಳಿಗೆ ಗೋಡೆ ಬಿಟ್ಟು ನಿಲ್ಲುವುದನ್ನು ಕಲಿಸುತ್ತಾನೆ.

ವೇದವಲ್ಲಿ ಆ ಮಾರ್ಚಿನಲ್ಲೇ ಮೈಸೂರಿಗೆ ಫೋನ್ ಮಾಡಿ ತಮ್ಮ ತಾಯಿ ಸಾವಿತ್ರಮ್ಮನವರಿಗೆ ಹೇಳಿದರು: "ಆ ಲೋಟ ಒಳಗಿಡಮ್ಮ."

"ಯಾವ ಲೋಟನೇ?"

"ನಿನಗೆ ಗೊತ್ತು ಯಾವುದು ಅಂತ."

"ಅಯ್ಯೋ, ಸತ್ಯಮ್ಮನೇ ಒಂದು ದಿನ ಕೇಳಿಲ್ಲ. ಅವಳಿಗೇ ಅದು ಅಭ್ಯಾಸ ಆಗಿಹೋಗಿದೆ. ಕೊರೋನಾ ಬೇರೆ."

"ಕೊರೋನಾ ಬಂದು ಎರಡು ವರ್ಷ ಆಯ್ತು. ಆ ಲೋಟ ನಾನು ಹುಟ್ಟೋಕೆ ಮುಂಚಿಂದ ಅಲ್ಲೇ ಇದೆಯಲ್ಲಮ್ಮ."

ಸಾವಿತ್ರಮ್ಮ ಸೊಸೆಯನ್ನು ಕೂಗಿ ಫೋನ್ ಕೊಟ್ಟುಬಿಟ್ಟರು. ಲೋಟ ಒಳಗೆ ಬಂತೋ ಇಲ್ಲವೋ ತಿಳಿಯದು.

ನಿಮ್ಮ ಮನೆಯದು ಎಲ್ಲಿದೆ? ಕಿಟಕಿಯ ಕಟ್ಟೆಯ ಮೇಲಾ, ಸಿಂಕಿನ ಕೆಳಗಾ, ವಾಷಿಂಗ್ ಮೆಷಿನ್ ಪಕ್ಕದಲ್ಲಾ? ಜಪಾನಿನವರ ಮೇಲೆ ಸಿಟ್ಟು ಬಂದಿದ್ದರೆ ಇಟ್ಟುಕೊಳ್ಳಿ, ಬೇಡ ಅನ್ನುವವರಿಲ್ಲ. ಆದರೆ ಮೊದಲು ಈ ಪುಟ ಮಡಚಿ, ಎದ್ದು ಹೋಗಿ, ಆ ಲೋಟವನ್ನು ತಂದು ನೀವು ಕುಡಿಯುವ ಲೋಟಗಳ ಸಾಲಿನಲ್ಲಿ ಇಡಿ.