ಹೇಳಿಕೆಯಿಲ್ಲದೆ ಹೋದ ಸೈನ್ಯ

ನನ್ನ ಸೋದರಮಾವನಿಗೆ ಜಗತ್ತಿನಲ್ಲಿ ಎರಡೇ ವಿಷಯ ಚೆನ್ನಾಗಿ ಗೊತ್ತು. ಒಂದು, ಹೋಟೆಲು. ಇನ್ನೊಂದು, ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಆರನೇ ಸೈನ್ಯಕ್ಕೆ ಆದ ಗತಿ. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ಹಳೆಯ ದಪ್ಪ ಪುಸ್ತಕವೊಂದು ಇದಕ್ಕೆಲ್ಲ ಕಾರಣ. ಈಗ ಹೋಟೆಲು ಬಿಟ್ಟು ಬ್ರಹ್ಮಾವರದಲ್ಲಿ ಮನೆ ಕಟ್ಟಿ ಕೂತಿದ್ದಾರೆ. ಪುಸ್ತಕದ ರಟ್ಟು ಹೋಗಿದೆ, ಹುಚ್ಚು ಹೋಗಿಲ್ಲ.

ನನ್ನ ಕೆಲಸ ಬ್ರಹ್ಮಾವರದಲ್ಲಿ, ಮನೆ ಬೈಂದೂರಿನಲ್ಲಿ. ಸಂಜೆ ಬಸ್ಸಿಗೆ ಮೊದಲು ಮಾವನ ಮನೆಗೆ ಹೋದರೆ ಚಹಾದ ಜೊತೆ ಯುದ್ಧವೂ ಸಿಗುತ್ತದೆ. ಮೇಜಿನ ನಡುವಿನ ಲೋಟ ಅಂದರೆ ವೋಲ್ಗಾ ನದಿ ದಡದಲ್ಲಿ ಸಿಕ್ಕಿಬಿದ್ದ ಜರ್ಮನರು, ಸುತ್ತ ಇಟ್ಟ ಗೋಳಿಬಜೆ ರಷ್ಯನ್ನರು. ಹಸಿವು ತಡೆಯದೆ ನಾನು ರಷ್ಯನ್ನರನ್ನು ತಿಂದುಬಿಟ್ಟರೆ ಮಾವನಿಗೆ ಸಿಟ್ಟು ಬರುತ್ತದೆ.

ಬೆಲ್ಜಿಯಮ್ಮಿಗೆ ನುಗ್ಗಿ, ಉಕ್ರೇನನ್ನು ತುಳಿದು, ವೋಲ್ಗಾದವರೆಗೆ ಹೋದ ಸೈನ್ಯ ಅದು. ಚಳಿಗಾಲದ ಬಾಯಲ್ಲಿ ರಷ್ಯನ್ನರು ಅದನ್ನು ಸುತ್ತುಗಟ್ಟಿದರು. ಮಾವ ಅದನ್ನೆಲ್ಲ ನೋಡುವುದು ಹೋಟೆಲಿನವರ ಕಣ್ಣಿನಿಂದಲೇ. ಅವರ ಬಾಯಲ್ಲಿ ತೋಪು, ಟ್ಯಾಂಕುಗಳಿಗಿಂತ ಊಟದ ಮಾತು ಹೆಚ್ಚು.

"ವಿಮಾನದಲ್ ಊಟ ಕಳ್ಸ್ತೊ ಅಂದ್ರಂಬ್ರ್ ಮಗ, ಲಕ್ಷಗಟ್ಲೆ ಜನಕ್ಕೆ. ಒಂದ್ ಮದ್ವಿ ಊಟ ಪಾರ್ಸೆಲ್ ಮಾಡೂಕೇ ನಮ್ಗ್ ಆತ್ತಿಲ್ಲೆ. ಒಂದ್ ಸಲ ಗೋಣಿ ಬಿಚ್ಚಿ ಕಂಡ್ರೆ ಒಳ್ಗೆ ಕಾಳ್‌ಮೆಣ್ಸ್ ಅಂಬ್ರ್. ಅನ್ನವೇ ಇಲ್ದಲ್ಲಿ ಕಾಳ್‌ಮೆಣ್ಸ್ ಎಂತಕ್ಕೆ?"

ಆಮೇಲೆ ಕುದುರೆಗಳನ್ನು ಬೇಯಿಸಿ ತಿಂದ ಕಥೆ. ಅದು ಮುಗಿದರೆ ಮಾವನಿಗೆ ಅತಿ ಪ್ರಿಯವಾದ ಭಾಗ. ಸಿಕ್ಕಿಬಿದ್ದವರನ್ನು ಬಿಡಿಸಲು ಹೊರಗಿನಿಂದ ಇನ್ನೊಂದು ಜರ್ಮನ್ ಸೈನ್ಯ ಹೊರಟಿತ್ತು. ಹತ್ತಿರ ಹತ್ತಿರ ಬಂದು ನಿಂತುಬಿಟ್ಟಿತು. ಉಳಿದಿದ್ದ ದೂರ ಹೆಚ್ಚುಕಡಿಮೆ ನಮ್ಮ ಬೈಂದೂರಿಗೂ ಬ್ರಹ್ಮಾವರಕ್ಕೂ ಇರುವಷ್ಟು.

"ಹೊರ್ಗಿನವ್ರ್ ಅಷ್ಟ್ ಬಂದ್ರಲೆ? ಒಳ್ಗಿದ್ದ ಸೇನಾಪತಿ ಎದ್ದ್ ಸ್ವಲ್ಪ ಎದ್ರ್ ಹೋಯ್ಕಿತ್ತ್. ಮೇಲಿಂದ ಅಪ್ಪಣೆ ಬರ್ಲಿಲ್ಲೆ ಅಂದೇಳಿ ಕೂತ. ಕೂಕಂಡೇ ಹಾಳಾದ."

ಇಷ್ಟು ಬುದ್ಧಿ ಹೇಳುವ ಮಾವ ಈ ವರ್ಷ ಅಕ್ಕನ ಮೇಲೆ ಮುನಿಸಿಕೊಂಡು ಕೂತರು. ಅಕ್ಕ ಅಂದರೆ ನನ್ನ ಅಮ್ಮ. ನನ್ನ ತಂಗಿಯ ಮದುವೆ ನಿಶ್ಚಯಕ್ಕೆ ಅಮ್ಮ ಫೋನಿನಲ್ಲಿ ಕರೆದದ್ದೇ ತಪ್ಪಾಯಿತು. ನಮ್ಮಲ್ಲಿ ಹೇಳಿಕೆ ಎಂದರೆ ಮನೆಗೆ ಬರಬೇಕು, ಕೂರಬೇಕು, ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಆಮೇಲೆ ಬಾಯಿಬಿಟ್ಟು ಕರೆಯಬೇಕು. ಫೋನಿನ ಹೇಳಿಕೆ ಹೇಳಿಕೆಯಲ್ಲ ಎಂದು ಮಾವ ನಿಶ್ಚಯಕ್ಕೆ ಬರಲಿಲ್ಲ. ಬಾರದವನ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅಮ್ಮ. ಮದುವೆ ಹತ್ತಿರ ಬಂತು. ನಮಗೆ ಅಪ್ಪ ಇಲ್ಲ. ಶಾಲೆಗೆ ಹೋಗುವ ಕಾಲದಿಂದ ತಂಗಿಗೆ ಅಪ್ಪನ ಜಾಗದಲ್ಲಿ ಇದ್ದವರು ಮಾವ. ಧಾರೆ ಎರೆಯುವ ಕೈ ಅವರದೇ ಆಗಬೇಕು ಎಂದು ಅವಳು ಊಟ ಬಿಟ್ಟು ಅತ್ತಳು.

ಅಮ್ಮನ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. "ಹೇಳ್ಕಿ ಇಲ್ದೆ ಕಂಡೋರ್ ಮನಿಗ್ ನುಗ್ದವ್ರ ಕಥಿ ಓದೂದ್ ಅಂವ. ಅಕ್ಕನ್ ಮನಿಗ್ ಬಪ್ಪುಕ್ ಮಾತ್ರ ಹೇಳ್ಕಿ ಬೇಕ್. ನುಗ್ಗಿದಲ್ಲೆಲ್ಲ ಹೆಂಗ್ಸ್ರ್ ಮಕ್ಕಳ್ನೂ ಬಿಡ್ದೆ ಕೊಂದ್ರಂಬ್ರ್. ಅಂತವ್ರ್ ಹಸ್ದ್ ಸತ್ರೆ ನಾ ಅಳೂಕಾ?"

ಮದುವೆಯ ಮೊದಲ ಹೇಳಿಕೆ ಕುಂಭಾಶಿಯ ಆನೆಗುಡ್ಡೆ ಗಣಪತಿಗೆ. ಅದಕ್ಕೆಂದು ಒಂದು ಬೆಳಿಗ್ಗೆ ಅಮ್ಮ, ನಾನು ಬಸ್ಸು ಹತ್ತಿ ಕುಂಭಾಶಿಗೆ ಹೋದೆವು. ಪೂಜೆ ಮುಗಿಸಿ ಅಮ್ಮ ಹತ್ತಿರದ ಹೋಟೆಲಿನಲ್ಲಿ ಮೊಣಕಾಲು ನೀವುತ್ತ ಕೂತರು. ಬ್ರಹ್ಮಾವರಕ್ಕೆ ಇನ್ನು ದೂರವೇನಿಲ್ಲ ಎಂದೆ.

"ಇಲ್ಲಿ ತಂಕ ಬಂದೆ. ಮುಂದ್ ಬತ್ತಿಲ್ಲೆ."

ನಾನು ಹೊರಗೆ ಬಂದು ಮಾವನಿಗೆ ಫೋನ್ ಮಾಡಿದೆ. "ಮಾವ, ಹೊರ್ಗಿನ ಸೈನ್ಯ ಕುಂಭಾಶಿ ತಂಕ ಬಂದಿತ್ತ್. ಕಾಲ್ ನೋವಂಬ್ರ್, ಮುಂದ್ ಬತ್ತಿಲ್ಲೆ ಅಂಬ್ರ್. ಒಳ್ಗಿದ್ದವ್ರ್ ಎಂತ ಮಾಡ್ತ್ರ್?"

ಮಾವ ಫೋನ್ ಇಟ್ಟುಬಿಟ್ಟರು.

ಒಳಗೆ ಹೋಗಿ ಚಹಾ ಕುಡಿದೆ, ಇನ್ನೊಂದನ್ನೂ ಕುಡಿದೆ. ಅಮ್ಮ ಏಳೋಣ ಎಂದು ಚೀಲ ಹೆಗಲಿಗೇರಿಸಿದಾಗ ಮಾವ ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಅಕ್ಕನ ಮುಖ ನೋಡದೆ ನೇರ ಗಲ್ಲಾದ ಕಡೆ ಹೋಗಿ, ಅಲ್ಲಿದ್ದವರ ಹತ್ತಿರ ಏನೋ ಹೇಳಿ, ಅಡುಗೆಮನೆಯೊಳಗೇ ನುಗ್ಗಿದರು. ಹೊರಗೆ ಬಂದಾಗ ಕೈಯಲ್ಲಿ ಲೋಟದ ತುಂಬ ನೀರು, ತಟ್ಟೆಯಲ್ಲಿ ಬೆಲ್ಲ.

"ಕೂಕೊ ಅಕ್ಕ," ಎಂದು ಅಮ್ಮನ ಮುಂದೆ ಇಟ್ಟರು. "ಇಷ್ಟ್ ವರ್ಷ ಹೋಟ್ಲಗೇ ಇದ್ದವ ನಾನ್. ನಂಗ್ ಇದೂ ಮನಿಯೇ."

ಅಮ್ಮ ಕೂತರು. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. ಚೀಲದಿಂದ ಮದುವೆಯ ಕಾಗದ ತೆಗೆದು, ಶಾಸ್ತ್ರದಂತೆ ಬಾಯಿಬಿಟ್ಟು ಕರೆದರು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು. ಇಬ್ಬರ ಕಣ್ಣೂ ಒದ್ದೆಯಾಗಿತ್ತು, ಇಬ್ಬರೂ ಒರೆಸಿಕೊಳ್ಳಲಿಲ್ಲ.

ಅಮ್ಮನಿಗೆ ಅಷ್ಟಕ್ಕೆ ಬಿಡಲು ಮನಸ್ಸಿಲ್ಲ. "ನಿನ್ ಜರ್ಮನಿಯವ್ನಿಗೂ ಒಬ್ಳ್ ಅಕ್ಕ ಇದ್ದಿದ್ರೆ ಎದ್ದ್ ಬತ್ತಿದ್ದ ಕಾಣ್," ಎಂದರು.

ಮಾವ ಕಾಗದವನ್ನು ಅಂಗಿಯ ಜೇಬಿಗೆ ಇಳಿಸುತ್ತ ಹೇಳಿದರು: "ಅಕ್ಕ ಇದ್ದಿದ್ರೆ ಅಂವ್ನ್ನ ಮನಿಯಿಂದ ಹೊರ್ಡೂಕೇ ಬಿಡ್ತಿರ್ಲಿಲ್ಲೆ."