ಸಹಮ್‌ನ ಟೈಲರ್ ಕೇಳುತ್ತಿದ್ದ ಪ್ರಶ್ನೆಗಳು

ಒಮಾನಿನ ಸಹಮ್ ಪೇಟೆಯಲ್ಲಿ ನಮ್ಮ ಅಂಗಿ ಹೊಲಿಯುತ್ತಿದ್ದ ಉಳ್ಳಾಲದ ಟೈಲರ್, ಕೈ ಎತ್ತಿಸಿ ಅಳತೆ ತೆಗೆಯುವಾಗಲೇ ಪರೀಕ್ಷೆ ಶುರು ಮಾಡುತ್ತಿದ್ದರು. "ಕೆನಡಾದ ರಾಷ್ಟ್ರಪ್ರಾಣಿ ಯಾವುದು, ಹೇಳಿ?" ಉತ್ತರ ಬರುವವರೆಗೆ ಕೈ ಇಳಿಸುವ ಹಾಗಿಲ್ಲ.

ಅಲ್ಲಿನ ಪೌರತ್ವದ ಪರೀಕ್ಷೆ ಬರೆಯಬೇಕಾದವಳು ಟೊರೊಂಟೊದಲ್ಲಿದ್ದ ಅವರ ಮಗಳು. ಓದುತ್ತಿದ್ದವರು ಮಾತ್ರ ಇವರು. ಫೋನಿನಲ್ಲಿ ಅವಳನ್ನು ಕೇಳುವ ಮೊದಲು ನಮ್ಮ ಮೇಲೆ ಅಭ್ಯಾಸ. ಬೀವರ್ ಅಂದರೆ "ಹಲ್ಲು ಉದ್ದದ ದೊಡ್ಡ ಇಲಿ ಮಾರಾಯ್ರೆ" ಎಂಬ ವಿವರಣೆ ಬೇರೆ. ಜುಲೈ ಒಂದು ಕೆನಡಾ ದಿನ ಎನ್ನುವುದು ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿತ್ತು. ತಪ್ಪಿದರೆ, "ಫೇಲ್, ಖಲಾಸ್!"

ಮಗಳು ಪಾಸಾದ ದಿನ ಹಲ್ವ ಹಂಚಿದರು. ನಾನು ಕಾಲೆಳೆದೆ: "ಮೂವತ್ತು ವರ್ಷದಿಂದ ಒಮಾನಿನಲ್ಲಿದ್ದೀರಿ. ಇಲ್ಲಿಯದ್ದೇನಾದರೂ ಗೊತ್ತುಂಟಾ?"

ಅವರು ಗುಂಡಿ ಹೊಲಿಯುತ್ತಲೇ ಬಾವುಟದ ಬಣ್ಣ, ಲಾಂಛನದ ಕಠಾರಿ, ಅದರ ಹಿಂದಿನ ಎರಡು ಕತ್ತಿ, ವರ್ಷದ ರಜೆಗಳು, ಒಂದೂ ಬಿಡದೆ ಹೇಳಿದರು.

"ಇದನ್ನೆಲ್ಲ ಯಾವಾಗ ಕಲಿತಿರಿ?"

"ಬಂದ ವರ್ಷವೇ. ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ." ನೂಲನ್ನು ಹಲ್ಲಿನಲ್ಲಿ ಕಡಿದು ನನ್ನತ್ತ ನೋಡಿದರು. "ಕೇಳಿದ್ದು ನೀವೇ ಮೊದಲು. ಪಾಸಾ?"